ಕಂಡದ್ದೆಷ್ಟು, ಊಹಿಸಿದ್ದೆಷ್ಟು? ವಿಆರ್‌ನಲ್ಲಿ ಕರಾವಳಿಯ ಚರಿತ್ರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಟ್ಟಡ, ಬೀದಿ, ಊರುಗಳನ್ನು ವರ್ಚುವಲ್ ರಿಯಾಲಿಟಿಯಲ್ಲಿ (ವಿಆರ್) ಮತ್ತೆ ಕಟ್ಟಿ ಪಾಠಕ್ಕೂ ಅಧ್ಯಯನಕ್ಕೂ ಬಳಸುವ ಬಗ್ಗೆ ಉಡುಪಿ, ಮಂಗಳೂರು ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳ ಜತೆ ವಿಜಯನಗರ ಕಾಲದ ಬಾರಕೂರನ್ನು ವಿಆರ್‌ನಲ್ಲಿ ಕಟ್ಟುತ್ತಿದ್ದೇವೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಬಲ್ಲ ಹಳೆ ವಿದ್ಯಾರ್ಥಿಯೊಬ್ಬರು ನೆರವಾಗುತ್ತಿದ್ದಾರೆ. ಬೀದಿ, ಕೆಂಪು ಹಂಚಿನ ಮನೆಗಳು, ಗೇರುತೋಟ, ಬಸದಿ ಎಲ್ಲ ಇರುವ ಕರಡು ತಯಾರಾಗಿದೆ. ನೋಡಲು ಚೆನ್ನಾಗಿದೆ. ಇನ್ನೇನು ಮಾಡಬೇಕು?
– ಪ್ರೌಢಶಾಲಾ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಮೊದಲು ಆ ಹಂಚನ್ನು ಇಳಿಸಿ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆ ಮಂಗಳೂರು ಹಂಚು ಇಲ್ಲಿ ತಯಾರಾಗತೊಡಗಿದ್ದು 1865ರಲ್ಲಿ, ಬಾಸೆಲ್ ಮಿಷನ್ನಿನ ಕಾರ್ಖಾನೆಯಲ್ಲಿ. ವಿಜಯನಗರದವರ ಬಾರಕೂರಿಗೆ ಅದನ್ನು ಹೊದಿಸಿದರೆ ಕಡಿಮೆಯೆಂದರೂ ಮುನ್ನೂರು ವರ್ಷದ ತಪ್ಪು. ಗೇರುಮರ ಬಂದದ್ದು ಪೋರ್ಚುಗೀಸರ ಜತೆ, 16ನೇ ಶತಮಾನದಲ್ಲಿ. ಅಂಗಳದಲ್ಲಿ ಒಣಹಾಕಿದ ಕೆಂಪು ಮೆಣಸು, ಹಿತ್ತಿಲ ಪಪ್ಪಾಯಿ, ಅನಾನಸು, ದೇವಸ್ಥಾನದ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆ, ಇವೆಲ್ಲವೂ ಅಮೆರಿಕ ಖಂಡದ ಮೂಲದವು. 1400ರ ಬೀದಿಯಲ್ಲಿ ಇವು ಕಾಣಕೂಡದು. ತೆಂಗು, ಅಡಿಕೆ, ಹಲಸು, ಕಾಳುಮೆಣಸಿನ ಬಳ್ಳಿ, ಭತ್ತದ ಗದ್ದೆ ಧಾರಾಳವಾಗಿ ಇರಲಿ.

‘ವಿಜಯನಗರ ಕಾಲ’ ಎಂದರೆ ಇನ್ನೂರು ವರ್ಷಕ್ಕೂ ಮಿಕ್ಕ ಅವಧಿ. ಒಂದು ವರ್ಷವನ್ನು ಗೊತ್ತುಮಾಡಿಕೊಳ್ಳಿ. ಪ್ರಾಚೀನ ರೋಮನ್ನು ಕಂಪ್ಯೂಟರಿನಲ್ಲಿ ಮರುಕಟ್ಟಲು 1990ರ ದಶಕದಲ್ಲಿ ಶುರುವಾದ ರೋಮ್ ರಿಬಾರ್ನ್ ಯೋಜನೆಯವರು ಸಾವಿರ ವರ್ಷದ ರೋಮನ್ನು ಒಟ್ಟಿಗೆ ತೋರಿಸಹೋಗದೆ ಕ್ರಿ.ಶ. 320ರ ನಗರವನ್ನು ಆರಿಸಿಕೊಂಡರು. ವರ್ಷ ಗೊತ್ತಾದರೆ ಏನು ಇರಬೇಕು, ಏನು ಇರಬಾರದು ಎಂದು ಮಕ್ಕಳೇ ಜಗಳವಾಡಿ ತೀರ್ಮಾನಿಸುತ್ತಾರೆ, ಅದೇ ಪಾಠ. ಮುಂದಿನದು ವಿಸ್ತಾರ. ಇಡೀ ಊರನ್ನು ಬಿಡಿ. ಕತ್ತಲೆ ಬಸದಿಯ ಆವರಣದಲ್ಲಿ ಇವತ್ತಿಗೂ ಕಲ್ಲು ಉಳಿದಿರುವ ಒಂದೇ ಮಂಟಪವನ್ನು ಹಿಡಿಯಿರಿ. ಒಂದು ವರ್ಷದ ಶಾಲಾ ಕೆಲಸಕ್ಕೆ ಅಷ್ಟು ಸಾಕು, ಅಷ್ಟೇ ಕಷ್ಟವೂ ಹೌದು.

ಕಷ್ಟ ಯಾಕೆಂದರೆ ಕಂಬ, ಅಧಿಷ್ಠಾನ (ಕಟ್ಟಡದ ಪೀಠ) ಸಿಗುತ್ತವೆ, ಮಾಡು (ಛಾವಣಿ) ಸಿಗುವುದಿಲ್ಲ. ಆಗ ಹತ್ತಿರದ ಜೈನ ಕಟ್ಟಡಗಳನ್ನು ನೋಡಿ ಹೋಲಿಸುವುದು ರೂಢಿ. ಆದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430) ಮೇಲೆ ಹೋದಂತೆ ಮರದ ಕೆಲಸ, ಇಳಿಜಾರು ಮಾಡು. ಕಾರ್ಕಳದ ಚತುರ್ಮುಖ ಬಸದಿ (1586) ಪೂರ್ತಿ ಕಲ್ಲು, ಮೇಲೂ ಕಲ್ಲುಚಪ್ಪಡಿ. ಎರಡೂ ಇದೇ ಸೀಮೆಯವು. ಯಾವುದನ್ನು ನಕಲು ಮಾಡುತ್ತೀರಿ? ಉತ್ತರವನ್ನು ನೆಲದಲ್ಲೇ ಹುಡುಕಬೇಕು. ಕಂಬದ ತಲೆಯಲ್ಲಿ ಮರದ ತೊಲೆ ಕೂರಿಸಲು ಕೊರೆದ ಗುಳಿ ಇದೆಯೇ, ಅಥವಾ ಕಲ್ಲಿನ ಬೋದಿಗೆ (ಕಂಬದ ಮೇಲಿನ ಚಾಚುಕಲ್ಲು) ಕೂತ ಗುರುತೇ? ಅಧಿಷ್ಠಾನದ ಹೊರಗೆ ಮಾಡಿನ ನೀರು ಬಿದ್ದು ಸವೆದ ಗೆರೆ ಇದ್ದರೆ ಅದು ಗೋಡೆಯಿಂದ ಎಷ್ಟು ದೂರ? ಆ ದೂರವೇ ಮಾಡಿನ ಚಾಚು. ಹುಲ್ಲಿನ ಮಾಡು ನೀರು ಕುಡಿಯದಿರಬೇಕಾದರೆ ಹಂಚಿನದಕ್ಕಿಂತ ಕಡಿದಾಗಿ, ಹೆಚ್ಚುಕಡಿಮೆ 45 ಡಿಗ್ರಿ ಇಳಿಜಾರಿರಬೇಕು. ನಮ್ಮ ಮಳೆಗೆ ಇದರಲ್ಲಿ ರಿಯಾಯಿತಿ ಇಲ್ಲ. ಇಷ್ಟು ನೋಡಿದ ಮೇಲೂ ತೀರ್ಮಾನವಾಗದಿದ್ದರೆ ಎರಡು ಮಾಡುಗಳನ್ನೂ ಮಾಡಿ, ಗುಂಡಿ ಒತ್ತಿದರೆ ಬದಲಾಗುವಂತೆ ಇಡಿ.

ಮಾದರಿಯ ಪ್ರತಿ ಭಾಗಕ್ಕೂ ನಾಲ್ಕರಲ್ಲಿ ಒಂದು ಬಣ್ಣ ಕೊಡಿ. ಇವತ್ತೂ ನಿಂತಿದೆ, ಅಳೆದಿದ್ದೇವೆ – ಹಸಿರು. ಶಾಸನ, ಹಳೆ ಫೋಟೊ ಅಥವಾ ನಕ್ಷೆಯಲ್ಲಿದೆ – ಹಳದಿ. ಬೇರೆ ಕಟ್ಟಡದ ಹೋಲಿಕೆಯಿಂದ ತಂದದ್ದು – ಕಿತ್ತಳೆ. ಬರೀ ಊಹೆ – ಬೂದು. ಬ್ಲೆಂಡರಿನಲ್ಲಿ ಒಂದೊಂದಕ್ಕೂ ಬೇರೆ ಕಲೆಕ್ಷನ್ ಮಾಡಿಟ್ಟರೆ ಮುಂದೆ ಬಣ್ಣ ತೋರಿಸುವುದೂ ಮರೆಮಾಡುವುದೂ ಸುಲಭ. ಕೊನೆಗೆ ಮಾಡುತ್ತೇವೆ ಎಂದರೆ ಯಾವ ಗೋಡೆ ಎಲ್ಲಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ. ಜತೆಗೊಂದು ಸ್ಪ್ರೆಡ್‌ಶೀಟ್: ಭಾಗದ ಹೆಸರು, ಆಧಾರ, ತೀರ್ಮಾನಿಸಿದವರು, ದಿನಾಂಕ, ಕೈಬಿಟ್ಟ ಇನ್ನೊಂದು ಸಾಧ್ಯತೆ. ಈ ಬಗೆಯ ದಾಖಲೆಗೆ ಪ್ಯಾರಾಡೇಟಾ ಎನ್ನುತ್ತಾರೆ. ಕಂಪ್ಯೂಟರಿನ ಮರುನಿರ್ಮಾಣಗಳಿಗೆಂದೇ ರೂಪಿಸಿದ ಮಾರ್ಗಸೂಚಿಗಳಾದ 2006ರ ಲಂಡನ್ ಚಾರ್ಟರ್ ಮತ್ತು 2011ರ ಸೆವಿಲ್ ತತ್ವಗಳು ಇದನ್ನೇ ಕೇಳುತ್ತವೆ. ನಮ್ಮ ಅನಿಸಿಕೆಯಲ್ಲಿ ಆ ಹಾಳೆಯೇ ಅರ್ಧ ಕೆಲಸ, ಉಳಿದರ್ಧ ಮಾತ್ರ ಚಿತ್ರ.

ಪ್ರಶ್ನೆ: ಕೊನೆಗೂ ಇದು ಚಿತ್ರ ತಾನೇ? ಪಾಠಕ್ಕೆ ಸರಿ, ಸಂಶೋಧನೆಗೆ ಇದರಿಂದ ಹೊಸತೇನಾದರೂ ತಿಳಿಯುತ್ತದೆಯೇ?
– ಇತಿಹಾಸ ಉಪನ್ಯಾಸಕ, ಮಂಗಳೂರು

ಉತ್ತರ: ತಿಳಿಯುತ್ತದೆ, ಪ್ರಶ್ನೆ ಅಳತೆಗೆ ಸಿಗುವಂತಿದ್ದರೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ 1622ರಲ್ಲಿ ಕವಿ, ಪಾದ್ರಿ ಜಾನ್ ಡನ್ ಮಾಡಬೇಕಿದ್ದ ಬಯಲು ಪ್ರವಚನವನ್ನು ಅಮೆರಿಕದ ವಿದ್ವಾಂಸರು ದೃಶ್ಯದ ಜತೆ ಧ್ವನಿಯನ್ನೂ ಲೆಕ್ಕಹಾಕಿ ಮರುಕಟ್ಟಿದರು. ಅವರ ಮುಖ್ಯ ಪ್ರಶ್ನೆ: ಮೈಕಿಲ್ಲದ ಕಾಲದಲ್ಲಿ ಎಷ್ಟು ದೂರದವರೆಗೆ, ಎಷ್ಟು ಜನರಿಗೆ ಆ ಮಾತು ಕೇಳಿಸುತ್ತಿತ್ತು?

ನಿಮ್ಮೂರಿನಲ್ಲೇ ಎತ್ತಬಹುದಾದ ಪ್ರಶ್ನೆ ಬೋಳೂರಿನ ಸುಲ್ತಾನ್ ಬತ್ತೇರಿಯದು. ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಕಾವಲು ಬುರುಜಿನ ಮೇಲೆ ನಿಂತರೆ ಗುರುಪುರ ಹೊಳೆಯ ಯಾವ ಭಾಗ ಕಣ್ಣಿಗೆ ಬೀಳುತ್ತಿತ್ತು? ಇಸ್ರೋದ ಭುವನ್ ತಾಣದಿಂದ ಕಾರ್ಟೋಡೆಮ್ ಭೂಮಟ್ಟದ ಕಡತ ಇಳಿಸಿಕೊಳ್ಳಿ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಬುರುಜಿನ ಎತ್ತರಕ್ಕೆ 1.6 ಮೀಟರ್ ಕಣ್ಣಿನ ಎತ್ತರ ಸೇರಿಸಿ ವ್ಯೂಶೆಡ್, ಅಂದರೆ ಅಲ್ಲಿಂದ ಕಾಣುವ ಪ್ರದೇಶವನ್ನು ಲೆಕ್ಕ ಮಾಡಿ. ಎರಡು ಕಡೆ ಎಡವುತ್ತೀರಿ. ಕಡತದ ಒಂದೊಂದು ಚೌಕ ನೆಲದ ಮೇಲೆ ಸುಮಾರು 30 ಮೀಟರ್, ಅದರಲ್ಲಿ ಇಂದಿನ ಮರ, ಕಟ್ಟಡಗಳ ಎತ್ತರವೂ ಬೆರೆತಿದೆ. ಎರಡನೆಯದು ಹೆಚ್ಚಿನದು: ಬೆಂಗ್ರೆಯ ಮರಳುದಿಣ್ಣೆ ಮತ್ತು ಅಳಿವೆ ಇಂದಿನ ಆಕಾರದಲ್ಲೇ ಅಂದೂ ಇದ್ದವು ಎಂದುಕೊಳ್ಳಕೂಡದು. ಅಳಿವೆಯ ಹಳೆಯ ನಕ್ಷೆಗಳನ್ನು ಜೋಡಿಸಿ ತೀರದ ಗೆರೆ ತಿದ್ದಿದ ಮೇಲಷ್ಟೇ ಫಲಿತಾಂಶಕ್ಕೆ ಬೆಲೆ.

ಇನ್ನೊಂದು, ಬೆಳಕು. ಬಸದಿಯ ಒಳಗನ್ನು ಹಲವರು ಸಿನಿಮಾದ ಸೆಟ್ಟಿನಂತೆ ಬೆಳಗಿಸುತ್ತಾರೆ. ಒಂದು ಬತ್ತಿಯ ಎಣ್ಣೆದೀಪದ ಬೆಳಕು ಹೆಚ್ಚುಕಡಿಮೆ ಒಂದು ಮೇಣದಬತ್ತಿಯಷ್ಟು, ಬಣ್ಣ 1,900 ಕೆಲ್ವಿನ್ ಆಸುಪಾಸಿನ ಕೆಂಪುಹಳದಿ. ಆ ಅಳತೆಯ ದೀಪವನ್ನು ಮಾದರಿಯಲ್ಲಿಟ್ಟು, ಬಾಗಿಲಿನಿಂದ ಬರುವ ಹಗಲ ಬೆಳಕನ್ನು ಸೂರ್ಯನ ದಿಕ್ಕಿಗೆ ಹೊಂದಿಸಿ ನೋಡಿ. ಕಂಬದ ಯಾವ ಕೆತ್ತನೆ ಯಾವ ಹೊತ್ತಿಗೆ ಎದ್ದು ಕಾಣುತ್ತದೆ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಕೆತ್ತನೆಯ ಕಂಬವೊಂದನ್ನು ಮೊಬೈಲಿನಲ್ಲಿ ಇನ್ನೂರು ಫೋಟೊ ತೆಗೆದು, ಫೋಟೊಗಳಿಂದ 3ಡಿ ಮಾದರಿ ಕಟ್ಟುವ ಮೆಶ್‌ರೂಮ್ ತಂತ್ರಾಂಶಕ್ಕೆ ಕೊಟ್ಟೆವು. ಅರ್ಧ ಕಂಬ ಬರಲೇ ಇಲ್ಲ, ಬಂದದ್ದೂ ಕರಗಿದ ಮೇಣದಂತಿದೆ. ಪಕ್ಕದ ಉದ್ದ ಗೋಡೆ ಬಾಳೆಹಣ್ಣಿನಂತೆ ಬಾಗಿದೆ.
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮಣಿಪಾಲ

ಉತ್ತರ: ನೀವು ಕಳಿಸಿದ ಮಾದರಿ ಫೋಟೊಗಳಲ್ಲೇ ಕಾರಣ ಕಾಣುತ್ತದೆ. ನಿಂತಲ್ಲೇ ನಿಂತು ಮೊಬೈಲನ್ನು ಮಾತ್ರ ತಿರುಗಿಸಿದ್ದೀರಿ. ಕ್ಯಾಮೆರಾ ಜಾಗ ಬದಲಿಸದಿದ್ದರೆ ತಂತ್ರಾಂಶಕ್ಕೆ ಆಳ ತಿಳಿಯುವುದಿಲ್ಲ. ಕಂಬದ ಸುತ್ತ ನಡೆಯಬೇಕು. ಒಂದು ಸುತ್ತಿಗೆ 36 ಫೋಟೊ, ಅಂದರೆ 10 ಡಿಗ್ರಿಗೊಂದು. ಮೊಣಕಾಲ ಮಟ್ಟ, ಎದೆಮಟ್ಟ, ಕೈಯೆತ್ತಿದ ಮಟ್ಟ, ಹೀಗೆ ಮೂರು ಸುತ್ತು. 108 ಆಯಿತು. ಆಮೇಲೆ ಕೆತ್ತನೆ ಇರುವ ಮುಖಗಳಿಗೆ ಹತ್ತಿರದಿಂದ 40–50.

1x ಕ್ಯಾಮೆರಾವನ್ನೇ ಬಳಸಿ, ವೈಡ್ ಮತ್ತು ಝೂಮ್ ಮುಟ್ಟಬೇಡಿ. ಎಚ್‌ಡಿಆರ್, ನೈಟ್ ಮೋಡ್, ಫ್ಲ್ಯಾಶ್ ಆಫ್ ಇರಲಿ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಸಾಮಾನ್ಯ ಮೊಬೈಲಿನ ಮುಖ್ಯ ಕ್ಯಾಮೆರಾ 1.5 ಮೀಟರ್ ದೂರದಿಂದ ಸುಮಾರು 2 ಮೀಟರ್ ಅಗಲವನ್ನು ಹಿಡಿಯುತ್ತದೆ. ಚಿತ್ರದ ಅಗಲ 4,000 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ಲಿಗೆ ಅರ್ಧ ಮಿಲಿಮೀಟರ್. ಗೋಡೆಗೆ ಇದೇ ದೂರದಲ್ಲಿ ಅರ್ಧರ್ಧ ಮೀಟರ್ ಸರಿಯುತ್ತ ಹೋದರೆ ಒಂದು ಫೋಟೊದ ಮುಕ್ಕಾಲು ಪಾಲು ಮುಂದಿನದರಲ್ಲೂ ಇರುತ್ತದೆ. ಈ ಪಾಲು ಶೇಕಡಾ 60ಕ್ಕಿಂತ ಕಡಿಮೆಯಾದರೆ ಜೋಡಣೆ ತಪ್ಪುತ್ತದೆ.

ಗೋಡೆ ಬಾಗಿದ್ದು ಒಂದೇ ಸಾಲಿನಲ್ಲಿ ನೇರವಾಗಿ ಎದುರಿನಿಂದಷ್ಟೇ ತೆಗೆದದ್ದಕ್ಕೆ. ಲೆನ್ಸಿನ ವಕ್ರತೆಯ ಸಣ್ಣ ತಪ್ಪು ಲೆಕ್ಕ ಫೋಟೊದಿಂದ ಫೋಟೊಗೆ ಕೂಡುತ್ತ ಹೋಗಿ ಗೋಡೆಯೇ ಬಿಲ್ಲಾಗುತ್ತದೆ. ಎಡದಿಂದ, ಬಲದಿಂದ 30–45 ಡಿಗ್ರಿ ಓರೆಯಲ್ಲಿ ಇನ್ನೆರಡು ಸಾಲು ತೆಗೆಯಿರಿ, ಕೊನೆಯ ಫೋಟೊ ಮೊದಲಿನ ಜಾಗಕ್ಕೇ ಮರಳಲಿ. ಅಳತೆಗೆ ಎರಡು ಸ್ಕೇಲ್ ಪಟ್ಟಿ ಚಿತ್ರದಲ್ಲಿರಲಿ. ಒಂದರಿಂದ ಅಳತೆ ಕೂರಿಸಿ, ಇನ್ನೊಂದರಿಂದ ಪರೀಕ್ಷಿಸಿ.

ಮೇಣದ ಹಾಗೆ ಕರಗಿದ್ದು ಬೇರೆ ಕಥೆ. ಅದು ಎಣ್ಣೆ ಹಚ್ಚಿದ ಕಪ್ಪು ಕಲ್ಲು. ಹೊಳಪು ಕ್ಯಾಮೆರಾ ಸರಿದಂತೆ ಸರಿಯುತ್ತದೆ, ತಂತ್ರಾಂಶ ಅದನ್ನೇ ಗುರುತೆಂದು ನಂಬಿ ಮೋಸಹೋಗುತ್ತದೆ. ಮೋಡ ಮುಸುಕಿದ ಹಗಲು, ಲೆನ್ಸಿಗೆ ಹೊಳಪು ತಗ್ಗಿಸುವ ಪೋಲರೈಸರ್ ಗಾಜು ಹಾಕಿ ಪ್ರಯತ್ನಿಸಿ. ಮುರಕಲ್ಲಿಗೆ ಈ ತೊಂದರೆಯೇ ಇಲ್ಲ. ಅದರ ತೂತುಗಳೇ ಸಾವಿರಾರು ಗುರುತು ಕೊಡುತ್ತವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲು ನೆನೆದು, ಪಾಚಿ ಕಟ್ಟಿ ಬಣ್ಣವೇ ಬೇರೆಯಾಗಿರುತ್ತದೆ. ನವೆಂಬರ್ ಮೇಲೆ ಹೋಗಿ, ಒಂದು ಕಂಬವನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸಿ. ತಡವಾದರೆ ನೆರಳು ಜಾಗ ಬಿಡುತ್ತದೆ.

3ಡಿ ಮಾದರಿಯ ಮೈ ಸಣ್ಣ ತ್ರಿಕೋನಗಳಿಂದ ಆದದ್ದು. ಬಂದ ಮಾದರಿಯಲ್ಲಿ ಹತ್ತಿಪ್ಪತ್ತು ಲಕ್ಷ ತ್ರಿಕೋನ ಇರಬಹುದು. ಹಾಗೇ ಹೆಡ್‌ಸೆಟ್ಟಿಗೆ ಹಾಕಿದರೆ ಚಿತ್ರ ತಡವರಿಸುತ್ತದೆ, ನೋಡುವವರಿಗೆ ತಲೆಸುತ್ತು. ಕಂಬಕ್ಕೆ 50 ಸಾವಿರಕ್ಕೆ ಇಳಿಸಿ, ಕಳೆದುಹೋದ ಸೂಕ್ಷ್ಮವನ್ನು ನಾರ್ಮಲ್ ಮ್ಯಾಪ್‌ನಲ್ಲಿ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರಪದರ) ಬೇಕ್ ಮಾಡಿ, ಅಂದರೆ ಅದಕ್ಕೆ ಇಳಿಸಿಡಿ. ರಕ್ಷಿತ ಸ್ಮಾರಕವಾದರೆ ಟ್ರೈಪಾಡಿಗೂ ಡ್ರೋನಿಗೂ ಮುಂಚೆಯೇ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ.

ಪ್ರಶ್ನೆ: ಶಾಲೆಗೆ ದಾನಿಗಳಿಂದ ನಾಲ್ಕು ಹೆಡ್‌ಸೆಟ್ ಬಂದಿವೆ. ತರಗತಿಯಲ್ಲಿ 42 ಮಕ್ಕಳು. ಮೊದಲ ದಿನವೇ ಗಲಾಟೆ, ಮೂವರಿಗೆ ವಾಕರಿಕೆ. ಮಾರನೆಯ ದಿನ ಕೇಳಿದರೆ ‘ಸೂಪರ್ ಇತ್ತು ಟೀಚರ್’ ಎನ್ನುವುದು ಬಿಟ್ಟರೆ ಏನೂ ನೆನಪಿಲ್ಲ.
– ಸಮಾಜ ವಿಜ್ಞಾನ ಶಿಕ್ಷಕಿ, ಸುರತ್ಕಲ್

ಉತ್ತರ: ನೆನಪಿಲ್ಲದ್ದು ನಿಮ್ಮ ಮಕ್ಕಳ ದೋಷವಲ್ಲ. ಪರಾಂಗ್ ಮತ್ತು ಮೇಯರ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವಿಜ್ಞಾನ ಪಾಠವನ್ನು ಕೆಲವರಿಗೆ ವಿಆರ್‌ನಲ್ಲಿ, ಕೆಲವರಿಗೆ ಸ್ಲೈಡ್‌ನಲ್ಲಿ ಕೊಟ್ಟರು. ಆಸಕ್ತಿ ವಿಆರ್‌ನವರಿಗೆ ಹೆಚ್ಚು, ಅಂಕ ಸ್ಲೈಡ್‌ನವರಿಗೆ ಹೆಚ್ಚು. ಆದರೆ ವಿಆರ್ ಪಾಠವನ್ನು ತುಂಡು ತುಂಡಾಗಿ ನಿಲ್ಲಿಸಿ, ಪ್ರತಿ ತುಂಡಿನ ನಂತರ ಸಾರಾಂಶ ಬರೆಸಿದಾಗ ಕಲಿಕೆ ಸುಧಾರಿಸಿತು. ಇತಿಹಾಸ ಪಾಠಕ್ಕೂ ಈ ಕ್ರಮವನ್ನೇ ಹಿಡಿಯಿರಿ: ನೋಡು, ತೆಗೆ, ಬರೆ.

ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಳ್ಳಿ. 14 ಮಕ್ಕಳ ಮೂರು ಗುಂಪು, ಮೂರು ಮೇಜು, ಒಂದೊಂದಕ್ಕೆ 25 ನಿಮಿಷ. ಒಂದು ಮೇಜಿನಲ್ಲಿ ಹೆಡ್‌ಸೆಟ್: ನಾಲ್ಕು ನಾಲ್ಕು ಜನರಂತೆ ನಾಲ್ಕು ಸರದಿ, ತಲಾ 5 ನಿಮಿಷ, ಉಳಿದ 5 ನಿಮಿಷ ಒರೆಸಿ ಹೊಂದಿಸಲು. ಸರದಿ ಕಾಯುವವರು ಪರದೆಗೆ ಕಾಸ್ಟ್ ಆದ ದೃಶ್ಯ ನೋಡಿ ಬರೆಯುತ್ತಿರಲಿ. ಎರಡನೇ ಮೇಜಿನಲ್ಲಿ ಅದೇ ಜಾಗದ ಶಾಸನದ ಕನ್ನಡ ಸಾರ, ಫೋಟೊ, ನಕ್ಷೆ. ಮೂರನೆಯದರಲ್ಲಿ ಖಾಲಿ ಹಾಳೆ, ಬಣ್ಣದ ಪೆನ್ಸಿಲ್: ‘ವಿಆರ್‌ನಲ್ಲಿ ಕಂಡ ಐದು ವಸ್ತು ಬರೆ. ಯಾವುದಕ್ಕೆ ಎರಡನೇ ಮೇಜಿನಲ್ಲಿ ಆಧಾರ ಸಿಕ್ಕಿತು? ಯಾವುದಕ್ಕೆ ಸಿಗಲಿಲ್ಲ?’ ಹೆಡ್‌ಸೆಟ್ಟಿಗೆ ಮೊದಲೇ ಆಧಾರದ ಮೇಜಿಗೆ ಹೋಗುವ ಗುಂಪಿಗೆ ಪ್ರಶ್ನೆಯನ್ನು ತಿರುಗಿಸಿ ಕೊಡಿ, ಆಧಾರ ಓದಿ ‘ಒಳಗೆ ಏನು ಕಾಣಬಹುದು’ ಎಂದು ಮೊದಲೇ ಬರೆಸಿ.

ವಾಕರಿಕೆಗೆ ಕಾರಣ, ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುವಾಗ ಒಳಗಿವಿ ‘ಕೂತಿದ್ದೇನೆ’ ಎನ್ನುವುದು. ಸೆಟ್ಟಿಂಗ್‌ನಲ್ಲಿ ಜಾರುವ ನಡಿಗೆ ತೆಗೆದು ಟೆಲಿಪೋರ್ಟ್ (ಒಂದೆಡೆಯಿಂದ ಇನ್ನೊಂದೆಡೆಗೆ ನೇರ ಜಿಗಿತ) ಇಡಿ, ತಿರುವನ್ನು 30 ಅಥವಾ 45 ಡಿಗ್ರಿಯ ಹಂತಕ್ಕೆ ಕಟ್ಟಿ. ತಿರುಗುವ ಕುರ್ಚಿಯಲ್ಲಿ ಕೂರಿಸಿ. ಕಣ್ಣಿನ ಗೊಂಬೆಗಳ ನಡುವಿನ ದೂರವನ್ನು ಪ್ರತಿ ಮಗುವಿಗೂ ಹೊಂದಿಸಬೇಕು. ಮೆಟಾ ಕಂಪನಿಯ ಹೆಡ್‌ಸೆಟ್‌ಗಳಾದ ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ 58, 63, 68 ಮಿಲಿಮೀಟರಿನ ಮೂರೇ ಹಂತ ಇರುವುದರಿಂದ ಚಿಕ್ಕ ಮುಖದ ಮಕ್ಕಳಿಗೆ ಮಸುಕಾಗುವುದುಂಟು. ಅಂಥವರಿಗೆ ಒತ್ತಾಯ ಬೇಡ, ಪರದೆ ಸಾಕು. ಅಪಸ್ಮಾರ ಇರುವವರಿಗೂ ಬೇಡ. 10 ವರ್ಷಕ್ಕಿಂತ ಚಿಕ್ಕವರಿಗೆ ಈ ಹೆಡ್‌ಸೆಟ್ ಅಲ್ಲವೆಂದು ತಯಾರಕರೇ ಹೇಳುತ್ತಾರೆ.

ನಮ್ಮ ಕಡಲ ಹವೆಗೆ ಒಂದು ಮಾತು. ಬೆವರು ಸ್ಪಂಜಿಗೆ ಇಳಿದು ನಾರುತ್ತದೆ, ಸಿಲಿಕೋನ್ ಹೊದಿಕೆ ಹಾಕಿ, ಅದನ್ನಷ್ಟೇ ಒರೆಸುಬಟ್ಟೆಯಿಂದ ಒರೆಸಿ. ಲೆನ್ಸಿಗೆ ಸ್ಪಿರಿಟ್ ತಾಗಿಸಬೇಡಿ, ಒಣ ಮೈಕ್ರೋಫೈಬರ್ ಮಾತ್ರ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿಡದಿದ್ದರೆ ಲೆನ್ಸಿಗೆ ಬೂಷ್ಟು ಬರುತ್ತದೆ. ಕಿಟಕಿಯ ಬಿಸಿಲಿಗೆ ಲೆನ್ಸ್ ಮುಖ ಮಾಡಿ ಇಟ್ಟರೆ ಕೆಲವೇ ನಿಮಿಷದಲ್ಲಿ ಒಳಗಿನ ಪರದೆಗೆ ಸುಟ್ಟ ಕಲೆ, ಅದು ರಿಪೇರಿಯಾಗುವಂಥದ್ದಲ್ಲ. ಪಾಠದ ಕಡತಗಳನ್ನು ಹಿಂದಿನ ದಿನವೇ ಇಳಿಸಿಟ್ಟು, ವೈಫೈ ಆಫ್ ಮಾಡಿ ಒಮ್ಮೆ ಓಡಿಸಿ ನೋಡಿ.

ಪ್ರಶ್ನೆ: ನಮ್ಮ ಗುತ್ತಿನ ಮನೆಯನ್ನು ದೀಪಾವಳಿ ಕಳೆದು ಬಿಚ್ಚುತ್ತಾರೆ. ಮೂರು ವಾರ ಸಮಯವಿದೆ. ಮುಂದಿನವರು ಒಳಗೆ ನಡೆದಾಡಿ ನೋಡುವಂತೆ ಉಳಿಸಬಹುದೇ? ಮಾಡಿನ ಹಂಚಿನಲ್ಲಿ 1865 ಎಂದಿದೆ, ಮನೆಯೂ ಅಂದಿನದೇ?
– ಕಾಪು

ಉತ್ತರ: ಉಳಿಸಬಹುದು. ಮೊದಲ ವಾರ ಟೇಪು. ಪ್ರತಿ ಕೋಣೆಯ ನಾಲ್ಕು ಬದಿ ಮತ್ತು ಎರಡೂ ಕರ್ಣ ಅಳೆಯಿರಿ. ಹಳೆ ಮನೆಯ ಮೂಲೆಗಳು ನೇರವಾಗಿರುವುದು ಅಪರೂಪ, ಕರ್ಣವಿಲ್ಲದೆ ನಕ್ಷೆ ಕೂಡುವುದಿಲ್ಲ. ಎರಡನೇ ವಾರ 360 ಡಿಗ್ರಿ ಕ್ಯಾಮೆರಾದಲ್ಲಿ ಚಾವಡಿ, ಜಗಲಿ, ಉಪ್ಪರಿಗೆ, ಅಡುಗೆಕೋಣೆ, ಹಟ್ಟಿ, ಒಂದೊಂದರಲ್ಲೂ 1.5 ಮೀಟರ್ ಎತ್ತರಕ್ಕೆ ಎರಡು ಮೂರು ಜಾಗ. ಕೆತ್ತನೆಯ ಕಂಬ, ದಾರಂದ, ಮುಚ್ಚಿಗೆಗಳಿಗೆ ಮೇಲೆ ಹೇಳಿದ ಕ್ರಮದ ಫೋಟೊ. ಲೈಡಾರ್ (ಲೇಸರಿನಿಂದ ದೂರ ಅಳೆಯುವ ಸಾಧನ) ಇರುವ ಮೊಬೈಲು ಕೋಣೆಯ ಆಕಾರಕ್ಕೆ ಸಾಕು, ಕೆತ್ತನೆಗೆ ಸಾಲದು.

ಮೂರನೆಯದು ಬಿಚ್ಚುವ ದಿನಗಳದ್ದು, ಹೆಚ್ಚಿನವರು ಕಳೆದುಕೊಳ್ಳುವುದು ಇದನ್ನೇ. ಪಕ್ಕಾಸು, ರೀಪು, ತೊಲೆ ಕೆಳಗಿಳಿಯುವಾಗ ಮರದ ಸಂದುಗಳು ಮೊದಲ ಸಲ ಕಣ್ಣಿಗೆ ಬೀಳುತ್ತವೆ. ಎಷ್ಟೋ ಕಡೆ ಆಚಾರಿಗಳು ಜೋಡಣೆಗೆಂದು ಕೊರೆದ ಗುರುತೂ ಇರುತ್ತದೆ. ಪ್ರತಿ ತುಂಡಿಗೂ ಸುಣ್ಣದಕಡ್ಡಿಯಲ್ಲಿ ಸಂಖ್ಯೆ ಬರೆದು, ಇಳಿಸುವ ಮೊದಲು ಮತ್ತು ನಂತರ ಫೋಟೊ ತೆಗೆಯಿರಿ. ಮನೆಯ ಹಿರಿಯರನ್ನು ಕೋಣೆ ಕೋಣೆಗೂ ಕರೆದೊಯ್ದು, ಆ ಜಾಗಕ್ಕೆ ಅವರು ತುಳುವಿನಲ್ಲಿ ಏನೆನ್ನುತ್ತಾರೆ, ಯಾರು ಅಲ್ಲಿ ಕೂರುತ್ತಿದ್ದರು, ಯಾರು ಕೂರುವಂತಿರಲಿಲ್ಲ ಎಂದು ರೆಕಾರ್ಡ್ ಮಾಡಿ. ಯಾವ ಸ್ಕ್ಯಾನರಿಗೂ ಅದು ಸಿಗುವುದಿಲ್ಲ.

ಹಂಚಿನ ಮೇಲಿನ 1865 ಕಾರ್ಖಾನೆ ಆರಂಭವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಬಾಸೆಲ್ ಮಿಷನ್ನಿನ ಮುದ್ರೆ ಇದ್ದರೆ 1865ರಿಂದ ಮೊದಲ ಮಹಾಯುದ್ಧದ ಕಾಲದ ನಡುವಿನದು. ಯುದ್ಧದ ಹೊತ್ತಿಗೆ ಆ ಉದ್ಯಮಗಳು ಮಿಷನ್ನಿನ ಕೈತಪ್ಪಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹುಲ್ಲಿನ ಮಾಡಿನ ಹಳೆ ಮನೆಗೆ ಆಮೇಲೆ ಹಂಚು ಹೊದಿಸಿರಲೂಬಹುದು. ಪಕ್ಕಾಸಿನ ಮೇಲೆ ಹಳೆಯ ಇಳಿಜಾರಿನ ಗುಳಿ, ಕತ್ತರಿಸಿ ತಿದ್ದಿದ ತುದಿ ಇದೆಯೇ ನೋಡಿ.

ಪ್ರಶ್ನೆ: ಸವೆದ ಶಾಸನವನ್ನು 3ಡಿ ಮಾಡಿದರೂ ಅಕ್ಷರ ಓದಲಾಗುತ್ತಿಲ್ಲ. ಸೀಮೆಸುಣ್ಣ ಉಜ್ಜಬಹುದೇ?
– ಸಂಶೋಧನ ವಿದ್ಯಾರ್ಥಿ, ಕೊಣಾಜೆ

ಉತ್ತರ: ಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಉಜ್ಜಬೇಡಿ. ನಿಮಗೆ ಬೇಕಿರುವುದು ಆರ್‌ಟಿಐ, ಅಂದರೆ ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್: ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಜೋಡಿಸುವ ವಿಧಾನ. ಕ್ಯಾಮೆರಾ ಟ್ರೈಪಾಡಿನಲ್ಲಿ ಅಲುಗದಂತಿರಲಿ, ಕಲ್ಲಿನ ಪಕ್ಕ ಹೊಳೆಯುವ ಕಪ್ಪು ಗೋಲಿಯೊಂದು ಚಿತ್ರದಲ್ಲಿ ಕನಿಷ್ಠ 200 ಪಿಕ್ಸೆಲ್ ಅಗಲ ಕಾಣುವಂತಿರಲಿ. ಕಲ್ಲಿನ ಕರ್ಣದ ಮೂರು ಪಟ್ಟು ಉದ್ದದ ದಾರ ಹಿಡಿದು, ಅಷ್ಟೇ ದೂರದಿಂದ ಫ್ಲ್ಯಾಶನ್ನು 15ರಿಂದ 65 ಡಿಗ್ರಿ ಎತ್ತರದ ನಡುವೆ ಸುತ್ತಲೂ ಸರಿಸುತ್ತ ಸುಮಾರು 48 ಫೋಟೊ. ದಾರ ಚಿತ್ರದಲ್ಲಿ ಬೀಳಬಾರದು. ಸಂಜೆಗತ್ತಲಲ್ಲಿ ಮಾಡಿ. ಗೋಲಿಯ ಮೇಲಿನ ಮಿಂಚಿನಿಂದ ಬೆಳಕಿನ ದಿಕ್ಕು ತಿಳಿಯುತ್ತದೆ. ರೀಲೈಟ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿದರೆ ಮೌಸಿನಿಂದ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ಓದಬಹುದು. ಅರ್ಧ ಮಿಲಿಮೀಟರ್ ಆಳದ ಗೀರೂ ಎದ್ದು ಬರುತ್ತದೆ. ನಿಮ್ಮ ಓದನ್ನು ಅಚ್ಚಾದ ಹಳೆಯ ಪಾಠದ ಜತೆ ಹೋಲಿಸಿ, ಆದರೆ ಮೊದಲು ಅದನ್ನು ನೋಡದೆ ಓದಿ. ನೋಡಿದ ಮೇಲೆ ಕಣ್ಣು ಅದನ್ನೇ ಕಾಣತೊಡಗುತ್ತದೆ.

ಪ್ರಶ್ನೆ: ದೈವಸ್ಥಾನದ ಒಳಗನ್ನೂ ನೇಮವನ್ನೂ 360 ಡಿಗ್ರಿಯಲ್ಲಿ ಹಿಡಿದು ಶಾಲೆಗಳಿಗೆ ಕೊಡಬಹುದೇ?
– ಪಡುಬಿದ್ರಿ

ಉತ್ತರ: ಗುತ್ತಿನವರು, ಸಮಿತಿ, ದೈವ ಕಟ್ಟುವ ಕಲಾವಿದರು ಮೂವರೂ ಒಪ್ಪದೆ ಬೇಡ. ಒಪ್ಪಿದರೂ ಯಾವ ಭಾಗ ಎಂಬುದನ್ನು ಅವರೇ ಹೇಳಲಿ, ಬರಹದಲ್ಲಿರಲಿ. ಗರ್ಭಗುಡಿಯೊಳಗೆ ಕ್ಯಾಮೆರಾ ಒಯ್ಯುವ ಮಾತೇ ಬೇಡ. ಮಾದರಿಯಲ್ಲಿ ಅಲ್ಲಿಗೆ ಮುಚ್ಚಿದ ಬಾಗಿಲು ಸಾಕು. ಆ ಬಾಗಿಲು ಮುಚ್ಚಿದ್ದೇಕೆ ಎಂಬುದೂ ಮಕ್ಕಳು ಕಲಿಯಬೇಕಾದ ಚರಿತ್ರೆಯೇ.

ಪ್ರಶ್ನೆ: ಐದಾರು ವರ್ಷದ ಹಿಂದೆ ಕಾಲೇಜಿನವರು ಮಾಡಿದ ವಿಆರ್ ಪ್ರವಾಸಗಳು ಈಗ ತೆರೆಯುತ್ತಲೇ ಇಲ್ಲ.
– ಗ್ರಂಥಪಾಲಕ, ಉಡುಪಿ

ಉತ್ತರ: ಇಂಥ ಪ್ರವಾಸ, ಮಾದರಿಗಳನ್ನು ಇಡುತ್ತಿದ್ದ ಗೂಗಲ್‌ನ ಎಕ್ಸ್‌ಪೆಡಿಷನ್ಸ್, ಟೂರ್ ಕ್ರಿಯೇಟರ್, ಪಾಲಿ ಮೂರೂ ಸೇವೆಗಳು 2021ರಲ್ಲಿ ಮುಚ್ಚಿದವು, ಮೊಜಿಲ್ಲಾ ಹಬ್ಸ್ 2024ರಲ್ಲಿ. ಅಲ್ಲಷ್ಟೇ ಇಟ್ಟಿದ್ದರೆ ಸಿಗುವುದು ಕಷ್ಟ. ಮಾಡಿದವರ ಹಳೆ ಲ್ಯಾಪ್‌ಟಾಪು, ಪೆನ್‌ಡ್ರೈವ್‌ಗಳಲ್ಲಿ ಮೂಲ 360 ಫೋಟೊಗಳಿವೆಯೇ ಕೇಳಿ. ಅಗಲ ಎತ್ತರದ ಎರಡು ಪಟ್ಟಿರುವ ಜೆಪೆಗ್‌ಗಳು ಸಿಕ್ಕರೆ ಪ್ಯಾನೆಲಂ ಎಂಬ ಉಚಿತ ವೀಕ್ಷಕದಲ್ಲಿ ಬ್ರೌಸರಿನಲ್ಲೇ ತೆರೆಯುತ್ತವೆ. ಇನ್ನು ಮುಂದೆ ಮೂಲ ಫೋಟೊ, ಜಿಎಲ್‌ಟಿಎಫ್ ಮತ್ತು ಪಿಎಲ್‌ವೈ ರೂಪದ ಮಾದರಿ, ಆಧಾರಗಳ ಹಾಳೆಯ ಸಿಎಸ್‌ವಿ, ಇವನ್ನು ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಪ್ರತಿ ಜೂನ್‌ನಲ್ಲಿ, ಶಾಲೆ ಕಾಲೇಜು ತೆರೆಯುವ ವಾರ, ಮೂರನ್ನೂ ಒಮ್ಮೆ ತೆರೆದು ನೋಡಿ ದಿನಾಂಕ ಬರೆದಿಡಿ.